ಹಿಮದಲ್ಲಿ ನಿಂತು ಕೇಳಿದ ಮತ: 1789ರ ವರ್ಜೀನಿಯಾ ಚುನಾವಣೆಯ ಹಾದಿಯಲ್ಲಿ

1789ರ ಫೆಬ್ರವರಿ 2, ಸೋಮವಾರ. ಅಮೆರಿಕದ ವರ್ಜೀನಿಯಾ ರಾಜ್ಯದ ಎಂಟು ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಜನ ಹಿಮ ತುಳಿದುಕೊಂಡು ತಮ್ಮ ತಮ್ಮ ಕೋರ್ಟ್‌ಹೌಸಿಗೆ ಹೋದರು. ಇಬ್ಬರಲ್ಲಿ ಒಬ್ಬರ ಹೆಸರನ್ನು ಜೋರಾಗಿ ಹೇಳಿ ಬಂದರು. ಒಬ್ಬರು ಜೇಮ್ಸ್ ಮ್ಯಾಡಿಸನ್, ವಯಸ್ಸು 37. ಇನ್ನೊಬ್ಬರು ಜೇಮ್ಸ್ ಮನ್ರೋ, ವಯಸ್ಸು 30. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ನಡೆದ ಮೊದಲ ಚುನಾವಣೆಯಲ್ಲಿ, ಅದರ ಕೆಳಮನೆಯಾದ ಪ್ರತಿನಿಧಿ ಸಭೆಯ ಒಂದೇ ಒಂದು ಸೀಟಿಗೆ ನಡೆದ ಸ್ಪರ್ಧೆ ಇದು. ಇಬ್ಬರೂ ಮುಂದೆ ಅಧ್ಯಕ್ಷರಾದರು. ಹೀಗೆ ಇಬ್ಬರು ಭಾವಿ ಅಧ್ಯಕ್ಷರು ಒಂದು ಪ್ರತಿನಿಧಿ ಸಭೆಯ ಸೀಟಿಗೆ ಎದುರುಬದುರಾದದ್ದು ಬೇರೆ ಇಲ್ಲ.

ಆ ಕ್ಷೇತ್ರವನ್ನು ಚಳಿಗಾಲದಲ್ಲೇ ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ಉತ್ತರ ವರ್ಜೀನಿಯಾದಲ್ಲಿರುವ ಗೆಳತಿ ಕಾರು ತೆಗೆಯಲು ಒಪ್ಪಿದಳು. ಜನವರಿ ಕೊನೆಯ ಒಂದು ಗುರುವಾರ ಹೊರಟೆವು.

ಗುರುವಾರ: ರಿಚ್ಮಂಡ್

ರಾಜ್ಯದ ಶಾಸನಸಭೆಯ ಕಟ್ಟಡ ಒಂದು ಗುಡ್ಡದ ಮೇಲಿದೆ. ಬಿಳಿ ಕಂಬಗಳ ಈ ಕಟ್ಟಡದ ವಿನ್ಯಾಸ ಥಾಮಸ್ ಜೆಫರ್ಸನ್ ಅವರದು. 1788ರ ಅಕ್ಟೋಬರಿನಲ್ಲಿ ಶಾಸಕರು ಮೊದಲ ಸಲ ಇಲ್ಲಿ ಸೇರಿದಾಗ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಗೋಪುರದ ಕೆಳಗಿನ ಸಭಾಂಗಣದಲ್ಲಿ ವಾಷಿಂಗ್ಟನ್ ಅವರ ಅಮೃತಶಿಲೆಯ ಮೂರ್ತಿ ಇದೆ. ಸುತ್ತಲಿನ ಗೂಡುಗಳಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಉಳಿದ ಅಧ್ಯಕ್ಷರ ಅರ್ಧಮೂರ್ತಿಗಳು. ಮ್ಯಾಡಿಸನ್, ಮನ್ರೋ ಇಬ್ಬರೂ ಅಲ್ಲಿದ್ದಾರೆ. ನಾನು ತುಂಬಾ ಹೊತ್ತು ಅಲ್ಲೇ ನಿಂತೆ. ಯಾಕೆಂದರೆ ಈ ಇಬ್ಬರನ್ನು ಒಂದೇ ಅಖಾಡಕ್ಕೆ ತಂದ ಕಾನೂನು ಆದದ್ದು ಆ ಮೊದಲ ಅಧಿವೇಶನದಲ್ಲೇ.

ಹೊಸ ಸಂವಿಧಾನ ಒಂದು ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತ್ತು. ಚುನಾವಣೆ ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಆಯಾ ರಾಜ್ಯದ ಶಾಸನಸಭೆಯೇ ತೀರ್ಮಾನಿಸಬೇಕು. ಬೇಕಾದರೆ ಕಾಂಗ್ರೆಸ್ ಆಮೇಲೆ ತಿದ್ದಬಹುದು. ಆದರೆ ಕಾಂಗ್ರೆಸ್ಸೇ ಇನ್ನೂ ಹುಟ್ಟಿರಲಿಲ್ಲ. ಪ್ರತಿನಿಧಿ ಸಭೆಗೆ 65 ಸೀಟು ಹಂಚಿದ್ದರು. ನಾರ್ತ್ ಕ್ಯಾರೊಲೈನಾ ಮತ್ತು ರೋಡ್ ಐಲೆಂಡ್ ಇನ್ನೂ ಒಕ್ಕೂಟಕ್ಕೆ ಸೇರಿರಲಿಲ್ಲ. ಹಾಗಾಗಿ ಮೊದಲ ಸುತ್ತಿಗೆ 59 ಸೀಟು, ಹನ್ನೊಂದು ರಾಜ್ಯ. ಒಂದೊಂದು ರಾಜ್ಯದ್ದೂ ಒಂದೊಂದು ದಾರಿ.

ಪೆನ್ಸಿಲ್ವೇನಿಯಾ ಕ್ಷೇತ್ರಗಳನ್ನೇ ಮಾಡಲಿಲ್ಲ. ಪ್ರತಿಯೊಬ್ಬ ಮತದಾರ ಇಡೀ ರಾಜ್ಯದ ಎಂಟೂ ಸೀಟಿಗೆ ಹೆಸರು ಬರೆಯಬೇಕಿತ್ತು. ಮೇರಿಲ್ಯಾಂಡ್ ಆರು ಕ್ಷೇತ್ರ ಮಾಡಿತು. ಅಭ್ಯರ್ಥಿ ಆ ಕ್ಷೇತ್ರದವನೇ ಆಗಿರಬೇಕು, ಆದರೆ ಮತ ಹಾಕುವವರು ಮಾತ್ರ ಇಡೀ ರಾಜ್ಯದವರು! ಮ್ಯಾಸಚೂಸೆಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರೆ ಮತ್ತೆ ಚುನಾವಣೆ. ಅಲ್ಲಿನ ಪಶ್ಚಿಮದ ಗುಡ್ಡಗಾಡಿನ ಕ್ಷೇತ್ರದಲ್ಲಿ ಐದು ಸಲ ಮತದಾನ ಆಗಿ, ಕೊನೆಗೆ 1789ರ ಮೇ ತಿಂಗಳಲ್ಲಿ ಥಿಯೊಡೋರ್ ಸೆಡ್ಜ್‌ವಿಕ್ ಗೆದ್ದರು. ಅಷ್ಟರಲ್ಲಿ ವಾಷಿಂಗ್ಟನ್ ಪ್ರಮಾಣವಚನವೂ ಮುಗಿದಿತ್ತು.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸಿದ್ದು ನ್ಯೂಜೆರ್ಸಿ. ಮತದಾನ ಫೆಬ್ರವರಿ 11ರಂದು ಶುರುವಾಗಬೇಕು ಎಂದು ಕಾನೂನು ಹೇಳಿತ್ತು. ಯಾವತ್ತು ಮುಗಿಯಬೇಕು ಎಂದು ಹೇಳಲಿಲ್ಲ. ರಾಜ್ಯದ ಪೂರ್ವ ಭಾಗದವರು, ಪಶ್ಚಿಮ ಭಾಗದವರು ಪೈಪೋಟಿಯ ಮೇಲೆ ಮತಗಟ್ಟೆ ತೆರೆದಿಟ್ಟುಕೊಂಡರು. ಎಸೆಕ್ಸ್ ಕೌಂಟಿಯಲ್ಲಿ ಏಪ್ರಿಲ್ ಕೊನೆಯವರೆಗೂ ಮತ ಬೀಳುತ್ತಲೇ ಇತ್ತು. ಗವರ್ನರ್ ಮತ್ತು ಅವರ ಮಂಡಳಿ ಮಾರ್ಚಿನಲ್ಲೇ ಕೈಗೆ ಬಂದ ಲೆಕ್ಕ ಹಿಡಿದು ನಾಲ್ಕು ಜನ ಗೆದ್ದರೆಂದು ಸಾರಿದರು. ತಕರಾರು ಪ್ರತಿನಿಧಿ ಸಭೆಯ ತನಕ ಹೋಯಿತು. ಸಭೆ ಆ ನಾಲ್ವರನ್ನೇ ಒಪ್ಪಿತು. ಇದೇ ನ್ಯೂಜೆರ್ಸಿಯ 1776ರ ಸಂವಿಧಾನ 50 ಪೌಂಡ್ ಆಸ್ತಿ ಇದ್ದ ಎಲ್ಲ ನಿವಾಸಿಗಳಿಗೂ ಮತ ಕೊಟ್ಟಿತ್ತು, ಆ ಲೆಕ್ಕದಲ್ಲಿ ಆಸ್ತಿವಂತ ಹೆಂಗಸರಿಗೂ. 1807ರಲ್ಲಿ ಆ ಹಕ್ಕನ್ನು ಕಿತ್ತುಕೊಂಡರು. ಕೊಟ್ಟದ್ದನ್ನು ಹಾಗೆ ವಾಪಸ್ ತೆಗೆದುಕೊಂಡದ್ದು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ವರ್ಜೀನಿಯಾ. ಇಲ್ಲಿನ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಅವರ ಮಾತೇ ಮಾತು. ಹೊಸ ಸಂವಿಧಾನ ಕೇಂದ್ರಕ್ಕೆ ವಿಪರೀತ ಬಲ ಕೊಡುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. 1788ರ ಜೂನಿನಲ್ಲಿ ಇದೇ ಊರಿನಲ್ಲಿ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ಮತ ಹಾಕಿದಾಗ 89 ಪರ, 79 ವಿರುದ್ಧ. ಹತ್ತೇ ಮತದ ಅಂತರ. ಸಂವಿಧಾನದ ಪರ ವಾದಿಸಿದ ಮ್ಯಾಡಿಸನ್ ಗೆದ್ದರು, ಹೆನ್ರಿ ಸೋತರು. ನವೆಂಬರಿನಲ್ಲಿ ಲೆಕ್ಕ ತೀರಿತು. ಆಗ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ಗೆ ಸದಸ್ಯರನ್ನು ಆರಿಸುತ್ತಿದ್ದದ್ದು ರಾಜ್ಯದ ಶಾಸಕರು. ರಿಚರ್ಡ್ ಹೆನ್ರಿ ಲೀ 98, ವಿಲಿಯಂ ಗ್ರೇಸನ್ 86, ಮ್ಯಾಡಿಸನ್ 77. ಇದ್ದದ್ದು ಎರಡೇ ಸ್ಥಾನ.

ಆಮೇಲೆ ಹತ್ತು ಕ್ಷೇತ್ರಗಳ ಕಾನೂನು ಬಂತು. ಅಭ್ಯರ್ಥಿ ತನ್ನ ಕ್ಷೇತ್ರದಲ್ಲಿ ಹನ್ನೆರಡು ತಿಂಗಳು ವಾಸ ಇದ್ದಿರಬೇಕು ಎಂಬ ಷರತ್ತು ಸೇರಿಸಿದರು. ಅಂದರೆ ಮ್ಯಾಡಿಸನ್ ತಮ್ಮ ಆರೆಂಜ್ ಕೌಂಟಿ ಬಿಟ್ಟು ಅನುಕೂಲದ ಬೇರೆ ಕಡೆ ನಿಲ್ಲುವಂತಿಲ್ಲ. ಆರೆಂಜ್ ಜೊತೆಗೆ ಆಲ್ಬಮಾರ್ಲ್, ಆಮ್ಹರ್ಸ್ಟ್, ಕಲ್ಪೆಪರ್, ಫ್ಲುವಾನಾ, ಗೂಚ್‌ಲ್ಯಾಂಡ್, ಲೂಯಿಸಾ, ಸ್ಪಾಟ್ಸಿಲ್ವೇನಿಯಾ ಸೇರಿಸಿ ಐದನೇ ಕ್ಷೇತ್ರ ಮಾಡಿದರು. ಇವುಗಳಲ್ಲಿ ಹೆಚ್ಚಿನವು ಸಂವಿಧಾನದ ವಿರೋಧಿಗಳ ಕಡೆ ವಾಲಿದ್ದವು.

ಹೆನ್ರಿ ಬೇಕಂತಲೇ ಕ್ಷೇತ್ರವನ್ನು ಹಾಗೆ ಕತ್ತರಿಸಿದರು ಅಂತ ಬಹಳ ಜನ ಬರೆಯುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೆನ್ರಿಗೆ ಮ್ಯಾಡಿಸನ್ ಸೋಲಬೇಕಿತ್ತು, ಅದು ಖಂಡಿತ. ಆದರೆ ನಕ್ಷೆ ತೆಗೆದು ನೋಡಿ. ಎಂಟೂ ಕೌಂಟಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. 1812ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರ್ ಎಲ್ಬ್ರಿಜ್ ಗೆರ್ರಿ ಕಾಲದಲ್ಲಿ ತಮ್ಮ ಪಕ್ಷಕ್ಕೆ ಅನುಕೂಲವಾಗಲಿ ಎಂದು ಮಾಡಿದಂಥ ಸೊಟ್ಟ ಆಕಾರ ಇದಕ್ಕಿಲ್ಲ. ನನ್ನ ಪ್ರಕಾರ ಕ್ಷೇತ್ರದ ಗೆರೆಗಿಂತ ಆ ವಾಸದ ಷರತ್ತೇ ಹೆಚ್ಚು ಬಿಗಿಯಾಗಿತ್ತು.

ಶುಕ್ರವಾರ: ಫ್ರೆಡರಿಕ್ಸ್‌ಬರ್ಗ್, ಕಲ್ಪೆಪರ್

ಬೆಳಿಗ್ಗೆ ಉತ್ತರಕ್ಕೆ ಹೊರಟು ಫ್ರೆಡರಿಕ್ಸ್‌ಬರ್ಗ್ ಸೇರಿದೆವು. ಚಾರ್ಲ್ಸ್ ಸ್ಟ್ರೀಟಿನಲ್ಲಿ ಜೇಮ್ಸ್ ಮನ್ರೋ ಮ್ಯೂಸಿಯಂ ಇದೆ. 1786ರಿಂದ ಮೂರು ವರ್ಷ ಮನ್ರೋ ಇದೇ ಊರಿನಲ್ಲಿ ವಕೀಲಿಕೆ ಮಾಡಿದರು. ಅವರ ಕಚೇರಿ ಇದ್ದ ಜಾಗದಲ್ಲೇ ಮ್ಯೂಸಿಯಂ. ಜನ ಹೆಚ್ಚಾಗಿ ನೋಡಲು ಬರುವುದು ಅಧ್ಯಕ್ಷರಾಗಿದ್ದಾಗಿನ ಅವರ ಮೇಜನ್ನು. ನಾನು ಹೋದದ್ದು ಅಧ್ಯಕ್ಷರಾಗುವುದಕ್ಕೆ ಮೊದಲಿನ ಮನ್ರೋಗಾಗಿ. ಟ್ರೆಂಟನ್ ಯುದ್ಧದಲ್ಲಿ ಗುಂಡೇಟು ತಿಂದು ಬದುಕಿದವರು. ರಿಚ್ಮಂಡ್ ಸಭೆಯಲ್ಲಿ ಸಂವಿಧಾನದ ವಿರುದ್ಧ ಮತ ಹಾಕಿದವರು. ಕೇಂದ್ರ ನೇರವಾಗಿ ತೆರಿಗೆ ಹಾಕಬಾರದು, ಜನರ ಹಕ್ಕುಗಳನ್ನು ಬರೆದಿಡಬೇಕು ಎಂಬುದು ಅವರ ವಾದ.

ಮ್ಯಾಡಿಸನ್ ಅವರ ಸ್ನೇಹಿತರೂ ಹೌದು. ನ್ಯೂಯಾರ್ಕಿನ ಮೊಹಾಕ್ ಕಣಿವೆಯಲ್ಲಿ ಇಬ್ಬರೂ ಸೇರಿ ಜಮೀನು ಕೊಂಡಿದ್ದರು. ಸಂವಿಧಾನವನ್ನು ವಿರೋಧಿಸುವವರು ಒತ್ತಾಯ ಮಾಡಿದ ಮೇಲೆ ಮನ್ರೋ ಸ್ನೇಹಿತನ ಎದುರು ನಿಂತರು.

ಮಧ್ಯಾಹ್ನ ಜರ್ಮಾನಾ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದೆವು. ದಾರಿಯಲ್ಲಿ ಅಂತರ್ಯುದ್ಧದ ರಣಭೂಮಿಗಳ ಬೋರ್ಡುಗಳು ಒಂದಾದ ಮೇಲೊಂದು ಬರುತ್ತವೆ. ನಿಲ್ಲಿಸಲಿಲ್ಲ.

ಕಲ್ಪೆಪರ್ ಚಿಕ್ಕ ಊರು. ಊರ ನಡುವೆ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಚರ್ಚ್ ಇದೆ. ಅದು ನಿಂತಿರುವುದು ಹಳೇ ಜೈಲಿನ ಜಾಗದಲ್ಲಿ. ಬ್ರಿಟಿಷರ ಕಾಲದಲ್ಲಿ ವರ್ಜೀನಿಯಾದ ಸರ್ಕಾರಿ ಧರ್ಮ ಅಂದರೆ ಆಂಗ್ಲಿಕನ್ ಚರ್ಚ್. ಪರವಾನಗಿ ಇಲ್ಲದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಜೇಮ್ಸ್ ಐರ್ಲೆಂಡ್ ಎಂಬ ಬೋಧಕ 1769-70ರ ಚಳಿಗಾಲದಲ್ಲಿ ಇಲ್ಲಿ ಬಂಧಿಯಾಗಿದ್ದರು. ಜೈಲಿನ ಕಂಬಿಯಿಂದಲೇ ಹೊರಗಿನ ಜನರಿಗೆ ಬೋಧನೆ ಮಾಡಿದರು. 1774ರಲ್ಲಿ 22 ವರ್ಷದ ಮ್ಯಾಡಿಸನ್ ತಮ್ಮ ಸ್ನೇಹಿತ ವಿಲಿಯಂ ಬ್ರಾಡ್‌ಫರ್ಡ್‌ಗೆ ಬರೆದ ಪತ್ರದಲ್ಲಿ ಪಕ್ಕದ ಕೌಂಟಿಯ ಜೈಲಿನಲ್ಲಿ ಐದಾರು ಒಳ್ಳೆಯ ಜನ ಧರ್ಮದ ಕಾರಣಕ್ಕೆ ಕೊಳೆಯುತ್ತಿದ್ದಾರೆ ಎಂದು ಸಿಟ್ಟಿನಿಂದ ಬರೆದಿದ್ದರು.

ಈ ಜಾಗದಲ್ಲಿ ನಿಂತರೆ 1789ರ ಲೆಕ್ಕ ಅರ್ಥವಾಗುತ್ತದೆ. ಜೈಲು ಕಂಡ ಜನಕ್ಕೆ ಧರ್ಮದ ಸ್ವಾತಂತ್ರ್ಯ ಪುಸ್ತಕದ ಮಾತಲ್ಲ. ಹೊಸ ಸಂವಿಧಾನದಲ್ಲಿ ಅದರ ಬಗ್ಗೆ ಗ್ಯಾರಂಟಿ ಇರಲಿಲ್ಲ. ಅವರು ಹೆದರಿದ್ದು ಸರಿಯೇ ಅಲ್ವಾ? ಕಲ್ಪೆಪರಿನ ಬ್ಯಾಪ್ಟಿಸ್ಟರು ಯಾರ ಕಡೆ ಹೋದರೆ ಅವರಿಗೆ ಕ್ಷೇತ್ರ ಎಂಬ ಮಾತು ಮ್ಯಾಡಿಸನ್ ಕಿವಿಗೂ ಬಿದ್ದಿತ್ತು.

ಶನಿವಾರ: ಆರೆಂಜ್, ಮಾಂಟ್‌ಪೀಲಿಯರ್

ರಾತ್ರಿ ಸ್ವಲ್ಪ ಹಿಮ ಬಿದ್ದಿತ್ತು. ಬೆಳಿಗ್ಗೆ ಆರೆಂಜ್ ಊರು ದಾಟಿ ಮ್ಯಾಡಿಸನ್ ಮನೆ ಮಾಂಟ್‌ಪೀಲಿಯರ್ ತಲುಪಿದೆವು. ಮನೆಯ ಮುಂದೆ ಇಳಿಜಾರು ಬಯಲು, ಅದರಾಚೆ ನೀಲಿ ಬೆಟ್ಟಗಳ ಸಾಲು. ನಂತರದ ಮಾಲೀಕರು ಸೇರಿಸಿದ್ದ ಕೋಣೆಗಳನ್ನೆಲ್ಲ ತೆಗೆದು, 2008ರ ಹೊತ್ತಿಗೆ ಮನೆಯನ್ನು ಮ್ಯಾಡಿಸನ್ ಕಾಲದ ಅಳತೆಗೆ ತಂದಿದ್ದಾರೆ. ಮಹಡಿಯ ಓದುಕೋಣೆಯ ಕಿಟಕಿ ಬೆಟ್ಟಗಳ ಕಡೆಗೆ ತೆರೆಯುತ್ತದೆ. ಹಳೆಯ ಗಣರಾಜ್ಯಗಳು ಯಾಕೆ ಬಿದ್ದುಹೋದವು ಎಂದು ಮ್ಯಾಡಿಸನ್ ಓದಿ ಟಿಪ್ಪಣಿ ಮಾಡಿಕೊಂಡದ್ದು ಇಲ್ಲಿ.

ಮತ ಕೇಳುವುದು ಅವರಿಗೆ ಇಷ್ಟದ ಕೆಲಸ ಆಗಿರಲಿಲ್ಲ. ಆಗಿನ ವರ್ಜೀನಿಯಾದಲ್ಲಿ ಚುನಾವಣೆ ದಿನ ಅಭ್ಯರ್ಥಿ ಮತದಾರರಿಗೆ ಹೆಂಡ ಕುಡಿಸುವುದು ಮಾಮೂಲು. 1777ರಲ್ಲಿ ರಾಜ್ಯದ ಸಭೆಗೆ ನಿಂತಾಗ ಮ್ಯಾಡಿಸನ್ ಅದಕ್ಕೆ ಒಪ್ಪಲಿಲ್ಲ. ಹೆಂಡದಂಗಡಿ ಇಟ್ಟಿದ್ದ ಚಾರ್ಲ್ಸ್ ಪೋರ್ಟರ್ ಎದುರು ಸೋತರು. 1788ರ ಕೊನೆಗೆ ಅವರು ನ್ಯೂಯಾರ್ಕಿನಲ್ಲಿದ್ದರು. ಮೂಲವ್ಯಾಧಿ ಕಾಡುತ್ತಿತ್ತು, ಕುದುರೆ ಸವಾರಿ ಅಂದರೆ ನರಕ. ಸ್ನೇಹಿತರು ಮೇಲಿಂದ ಮೇಲೆ ಕಾಗದ ಬರೆದರು. ನೀವೇ ಬರದಿದ್ದರೆ ಸೀಟು ಹೋಯಿತು ಎಂದರು. ಮ್ಯಾಡಿಸನ್ ಸಂವಿಧಾನದ ಒಂದಕ್ಷರವನ್ನೂ ತಿದ್ದಲು ಬಿಡುವುದಿಲ್ಲವಂತೆ ಎಂಬ ಸುದ್ದಿ ಊರೂರಲ್ಲಿ ಹಬ್ಬಿತ್ತು. ಡಿಸೆಂಬರಿನಲ್ಲಿ ಅವರು ಮನೆಗೆ ಬಂದರು.

ಆಮೇಲೆ ಒಂದು ಪತ್ರ ಬರೆದರು. ನನಗೆ ಈ ಇಡೀ ಕಥೆಯ ತಿರುವು ಅಂದರೆ ಅದೇ. 1789ರ ಜನವರಿ 2ರಂದು ಜಾರ್ಜ್ ಈವ್ ಎಂಬ ಬ್ಯಾಪ್ಟಿಸ್ಟ್ ಬೋಧಕರಿಗೆ ಬರೆದದ್ದು. ಸಂವಿಧಾನದಲ್ಲಿ ದೊಡ್ಡ ಅಪಾಯ ತನಗೆ ಕಂಡಿರಲಿಲ್ಲ, ಒಪ್ಪಿಗೆ ಸಿಗುವ ಮೊದಲೇ ತಿದ್ದುಪಡಿ ತಂದರೆ ರಾಜ್ಯಗಳು ಒಡೆದುಹೋಗುತ್ತವೆ ಅಂತ ವಿರೋಧಿಸಿದೆ ಎಂದು ನೇರವಾಗಿ ಹೇಳಿಕೊಂಡರು. ಈಗ ಒಪ್ಪಿಗೆ ಸಿಕ್ಕಿದೆ, ಪರಿಸ್ಥಿತಿ ಬದಲಾಗಿದೆ. ಮೊದಲ ಕಾಂಗ್ರೆಸ್ಸೇ ಹಕ್ಕುಗಳ ರಕ್ಷಣೆಗೆ ತಿದ್ದುಪಡಿ ತರಬೇಕು ಎಂದರು. ಯಾವ ಹಕ್ಕು ಎಂದೂ ಬಿಡಿಸಿ ಬರೆದರು. ಮನಸ್ಸಾಕ್ಷಿಯ ಹಕ್ಕು ಪೂರ್ತಿಯಾಗಿ, ಪತ್ರಿಕೆಗಳ ಸ್ವಾತಂತ್ರ್ಯ, ಜ್ಯೂರಿ ಎದುರು ವಿಚಾರಣೆ, ಸಿಕ್ಕಸಿಕ್ಕವರ ಮನೆ ಹುಡುಕುವ ವಾರಂಟುಗಳಿಂದ ರಕ್ಷಣೆ. ಈವ್ ಸುಮ್ನೆ ಕೂರಲಿಲ್ಲ. ಬ್ಲೂ ರನ್ ಚರ್ಚಿನಲ್ಲಿ ಜನ ಸೇರಿದ್ದಾಗ ಎದ್ದು ಮ್ಯಾಡಿಸನ್ ಪರ ಮಾತಾಡಿದರು.

ವೋಟಿಗಾಗಿ ಬಣ್ಣ ಬದಲಿಸಿದರು ಅಂತ ಇದನ್ನು ಸಣ್ಣದು ಮಾಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಜನ ಪಟ್ಟು ಹಿಡಿದು ಕೇಳಿದರು, ಪ್ರತಿನಿಧಿಯಾಗಲು ಬಂದವರು ಕೇಳಿಸಿಕೊಂಡರು, ಬರೆದು ಕೊಟ್ಟರು. ಚುನಾವಣೆ ಇರುವುದೇ ಇದಕ್ಕೆ.

ಮಧ್ಯಾಹ್ನ ಮನೆಯ ನೆಲಮಾಳಿಗೆಗೆ ಇಳಿದೆವು. ಈ ಮನೆ ನಡೆಸಿದ ಗುಲಾಮರ ಬದುಕಿನ ಪ್ರದರ್ಶನ ಅಲ್ಲಿದೆ, 2017ರಲ್ಲಿ ತೆರೆದದ್ದು. ಅವರ ಹೆಸರುಗಳು ಗೋಡೆಗಳ ಮೇಲಿವೆ. ಒಣಗುವ ಮುನ್ನ ಹಸಿ ಇಟ್ಟಿಗೆಗೆ ತಾಗಿದ ಬೆರಳಿನ ಗುರುತುಗಳು ಹಾಗೇ ಉಳಿದಿವೆ. ಆ ಇಟ್ಟಿಗೆ ಹೊತ್ತವರಲ್ಲಿ ಮಕ್ಕಳೂ ಇದ್ದರು. 1790ರ ಮೊದಲ ಜನಗಣತಿಯಲ್ಲಿ ವರ್ಜೀನಿಯಾದ ಜನಸಂಖ್ಯೆ ಸುಮಾರು 7.47 ಲಕ್ಷ. ಅದರಲ್ಲಿ 2.92 ಲಕ್ಷ ಜನ ಗುಲಾಮರು. ಐದು ಗುಲಾಮರನ್ನು ಮೂರು ಜನ ಎಂದು ಎಣಿಸಿ ರಾಜ್ಯಕ್ಕೆ ಸೀಟು ಕೊಡುವುದು ಸಂವಿಧಾನದ ನಿಯಮ. ಅಂದರೆ ಅವರ ತಲೆ ಎಣಿಸಿ ರಾಜ್ಯದ ಬಲ ಹೆಚ್ಚಿತು, ಅವರಿಗೆ ಮಾತ್ರ ಬಾಯಿ ಇರಲಿಲ್ಲ. ಹಕ್ಕುಗಳ ಬಗ್ಗೆ ಅಷ್ಟು ಚೆನ್ನಾಗಿ ಬರೆದ ಮನುಷ್ಯ ಸಾಯುವವರೆಗೂ ಜನರನ್ನು ಒಡೆತನದಲ್ಲಿ ಇಟ್ಟುಕೊಂಡಿದ್ದರು. ಮಹಡಿಯ ಕಿಟಕಿ ನೋಡಿ ಬಂದವರು ನೆಲಮಾಳಿಗೆಗೂ ಇಳಿಯಲೇಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಸುಳ್ಳು ಕಥೆ.

ಗೆಳತಿ ಕಾರಿಗೆ ಬಂದ ಮೇಲೂ ಬಹಳ ಹೊತ್ತು ಮಾತಾಡಲಿಲ್ಲ.

ಭಾನುವಾರ: ಹೆಬ್ರನ್ ಚರ್ಚ್

ಇವತ್ತಿನ ಮ್ಯಾಡಿಸನ್ ಕೌಂಟಿ ಆಗ ಕಲ್ಪೆಪರಿನ ಭಾಗ. ಅಲ್ಲಿ ಹೊಲಗಳ ನಡುವೆ ಒಂದು ಬಿಳಿ ಮರದ ಚರ್ಚ್ ಇದೆ, ಹೆಬ್ರನ್ ಲುಥೆರನ್ ಚರ್ಚ್. ಜರ್ಮನಿಯಿಂದ ವಲಸೆ ಬಂದವರು 1740ರಲ್ಲಿ ಕಟ್ಟಿದ್ದು. ಇಂದಿಗೂ ಪೂಜೆ ನಿಂತಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ನಾವೂ ಹಿಂದಿನ ಬೆಂಚಿನಲ್ಲಿ ಕೂತೆವು. ಪೆನ್ಸಿಲ್ವೇನಿಯಾದ ಡೇವಿಡ್ ಟ್ಯಾನೆನ್‌ಬರ್ಗ್ ಮಾಡಿದ ಆರ್ಗನ್ ಇಲ್ಲಿದೆ, 1802ರ ಸುಮಾರಿನದು. ಅದರ ದನಿ ಆ ಪುಟ್ಟ ಮರದ ಕೋಣೆಯನ್ನು ಪೂರ್ತಿ ತುಂಬಿತು.

ಮ್ಯಾಡಿಸನ್ ಮತ್ತು ಮನ್ರೋ ಎದುರುಬದುರು ವಾದ ಮಾಡಿದ್ದು ಇಲ್ಲೇ ಎಂದು ಇಲ್ಲಿಯವರು ಹೇಳುತ್ತಾ ಬಂದಿದ್ದಾರೆ. ಘಟನೆಯನ್ನು ಮ್ಯಾಡಿಸನ್ ಸ್ವತಃ 1827ರಲ್ಲಿ ನಿಕೊಲಸ್ ಟ್ರಿಸ್ಟ್ ಎಂಬುವವರಿಗೆ ಹೇಳಿದ್ದು ದಾಖಲಾಗಿದೆ. ಜರ್ಮನ್ ಜನರ ಚರ್ಚು. ಪ್ರಾರ್ಥನೆ ಆಯಿತು, ಎರಡು ಪಿಟೀಲುಗಳ ಸಂಗೀತ ಆಯಿತು. ಆಮೇಲೆ ಎಲ್ಲರೂ ಹೊರಗೆ ಬಂದು ಹಿಮದಲ್ಲಿ ನಿಂತರು. ಇಬ್ಬರೂ ಸಂವಿಧಾನದ ಬಗ್ಗೆ ಮಾತಾಡಿದರು. ಜನ ಕುಸ್ತಿ ನೋಡುವವರ ಹಾಗೆ ತಾಳ್ಮೆಯಿಂದ ನಿಂತು ಕೇಳಿದರಂತೆ. ರಾತ್ರಿ ಹನ್ನೆರಡು ಮೈಲಿ ಕುದುರೆ ಮೇಲೆ ಹೋಗುವಾಗ ಮ್ಯಾಡಿಸನ್ ಮೂಗು ಚಳಿಗೆ ಮರಗಟ್ಟಿತು. ಆ ಗಾಯದ ಗುರುತು ಕೊನೆಯವರೆಗೂ ಉಳಿಯಿತು. ಅದನ್ನೇ ತೋರಿಸಿ ಅವರು ಕಥೆ ಹೇಳುತ್ತಿದ್ದರು.

ಪ್ರಾರ್ಥನೆ ಮುಗಿದ ಮೇಲೆ ನಾವೂ ಅಂಗಳದಲ್ಲಿ ನಿಂತೆವು. ಗಾಳಿ ಕಿವಿ ಕತ್ತರಿಸುವಷ್ಟು ಚಳಿ. ಹತ್ತು ನಿಮಿಷಕ್ಕೇ ಕಾಲ್ಬೆರಳು ಜೋಮು ಹಿಡಿಯಿತು. ಇಂಥದ್ದರಲ್ಲಿ ಗಂಟೆಗಟ್ಟಲೆ ನಿಂತು ತೆರಿಗೆ, ಹಕ್ಕು, ರಾಜ್ಯದ ಅಧಿಕಾರ ಎಂಬ ವಿಷಯ ಕೇಳಿದ ಆ ರೈತರ ಮೇಲೆ ನನಗೆ ಮ್ಯಾಡಿಸನ್, ಮನ್ರೋ ಇಬ್ಬರಿಗಿಂತ ಜಾಸ್ತಿ ಗೌರವ ಹುಟ್ಟಿತು.

ಸೋಮವಾರ: ಶಾರ್ಲಟ್ಸ್‌ವಿಲ್, ಗೂಚ್‌ಲ್ಯಾಂಡ್

ಶಾರ್ಲಟ್ಸ್‌ವಿಲ್‌ನ ಕೋರ್ಟ್ ಸ್ಕ್ವೇರ್ ಆಲ್ಬಮಾರ್ಲ್ ಕೌಂಟಿಯ ಕೇಂದ್ರ. ಈಗಿನ ಕೋರ್ಟ್‌ಹೌಸಿನ ಅತಿ ಹಳೆಯ ಭಾಗ 1803ರದ್ದು. ಈ ಚೌಕದಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಆಲ್ಬಮಾರ್ಲ್‌ನವರು ಮತ ಹೇಳಿದ್ದು ತಮ್ಮ ಕೋರ್ಟ್‌ಹೌಸಿನಲ್ಲೇ. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಷೆರೀಫ್ ಹೆಸರು ಕರೆಯುತ್ತಾರೆ. ಮತದಾರ ಎಲ್ಲರ ಎದುರು ತನ್ನ ಆಯ್ಕೆಯನ್ನು ಕೂಗಿ ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ. ಅಭ್ಯರ್ಥಿ ಅಲ್ಲೇ ಇದ್ದರೆ ಬಗ್ಗಿ ಧನ್ಯವಾದ ಹೇಳುವುದು ರೂಢಿ. ಸಾಲ ಕೊಟ್ಟವನು, ಜಮೀನ್ದಾರ, ನೆಂಟರು ಎಲ್ಲರೂ ನೋಡುತ್ತಿರುತ್ತಾರೆ. ಮತ ಇದ್ದದ್ದು 21 ದಾಟಿದ, ಜಮೀನಿದ್ದ ಬಿಳಿಯ ಗಂಡಸರಿಗೆ ಮಾತ್ರ. ಮನೆ ಇದ್ದರೆ 25 ಎಕರೆ, ಖಾಲಿ ಜಮೀನಾದರೆ 50 ಎಕರೆ.

ಕೌಂಟಿವಾರು ಲೆಕ್ಕ ಉಳಿದಿದೆ. ತವರು ಆರೆಂಜ್‌ನಲ್ಲಿ ಮ್ಯಾಡಿಸನ್ 216, ಮನ್ರೋ ಬರೀ 9. ಮನ್ರೋ ವಾಸವಿದ್ದ ಸ್ಪಾಟ್ಸಿಲ್ವೇನಿಯಾದಲ್ಲಿ ಮನ್ರೋಗೆ 189, ಮ್ಯಾಡಿಸನ್‌ಗೆ 115. ಆಮ್ಹರ್ಸ್ಟ್, ಫ್ಲುವಾನಾ ಕೂಡ ಮನ್ರೋ ಕಡೆ. ಲೂಯಿಸಾ, ಆಲ್ಬಮಾರ್ಲ್ ಮ್ಯಾಡಿಸನ್ ಕಡೆ. ಇನ್ನು ಕಲ್ಪೆಪರ್. ಅಲ್ಲಿ ಮ್ಯಾಡಿಸನ್ 256, ಮನ್ರೋ 103. ಒಟ್ಟು 1,308ಕ್ಕೆ 972. ಅಂತರ 336.

ಮಾರ್ಚಿನಲ್ಲಿ ಮ್ಯಾಡಿಸನ್ ಜೆಫರ್ಸನ್‌ಗೆ ಬರೆದ ಪತ್ರದಲ್ಲಿ, ರಾಜಕೀಯ ಬೇರೆ, ಸ್ನೇಹ ಬೇರೆ ಎಂಬುದನ್ನು ಇಬ್ಬರೂ ನೆನಪಿಟ್ಟುಕೊಂಡೆವು, ಸ್ನೇಹಕ್ಕೆ ಸ್ವಲ್ಪವೂ ಕುಂದು ಬರಲಿಲ್ಲ ಎಂಬ ಅರ್ಥದ ಮಾತಿದೆ. ಅದೇ ವರ್ಷ ಮನ್ರೋ ಶಾರ್ಲಟ್ಸ್‌ವಿಲ್‌ಗೆ ಬಂದು ನೆಲೆಸಿದರು. 1790ರಲ್ಲಿ ಸೆನೆಟರ್ ಆದರು. 1817ರ ಅಕ್ಟೋಬರಿನಲ್ಲಿ ಇದೇ ಊರಿನ ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು ಇಟ್ಟಾಗ ಜೆಫರ್ಸನ್, ಮ್ಯಾಡಿಸನ್, ಮನ್ರೋ ಮೂವರೂ ಒಟ್ಟಿಗೆ ನಿಂತಿದ್ದರು.

ಸಂಜೆಗೆ ಗೂಚ್‌ಲ್ಯಾಂಡ್ ಮುಟ್ಟಿದೆವು. ಈ ಊರಿನ ಲೆಕ್ಕ ನನಗೆ ಬಹಳ ಇಷ್ಟ. ಮನ್ರೋ 133, ಮ್ಯಾಡಿಸನ್ 132. ಒಂದೇ ಮತ. ಕೋರ್ಟ್‌ಹೌಸಿನ ಅಂಗಳದಲ್ಲಿ ಗೆಳತಿ ಕೇಳಿದಳು, ಎಲ್ಲ ಕಡೆ ಹೀಗೇ ಆಗಿ ಮನ್ರೋ ಗೆದ್ದಿದ್ದರೆ? ಮನ್ರೋ ಕೂಡ ಹಕ್ಕುಗಳು ಬೇಕು ಅಂದವರೇ ತಾನೆ?

ಹೌದು. ಆದರೆ ನನ್ನ ಉತ್ತರ ಬೇರೆ. ಮೊದಲ ಪ್ರತಿನಿಧಿ ಸಭೆಯಲ್ಲಿ ಸಂವಿಧಾನದ ಬೆಂಬಲಿಗರದೇ ಬಹುಮತ. ವಿರೋಧಿಯೊಬ್ಬರು ಎದ್ದು ತಿದ್ದುಪಡಿ ಕೇಳಿದ್ದರೆ, ಇವರು ಕಟ್ಟಡವನ್ನೇ ಕೆಡವಲು ಬಂದವರು ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಆ ಬಹುಮತದ ಒಳಗಿನವರೇ ಕೇಳಬೇಕಿತ್ತು. 1789ರ ಜೂನ್ 8ರಂದು ನ್ಯೂಯಾರ್ಕಿನಲ್ಲಿ ಮ್ಯಾಡಿಸನ್ ಎದ್ದಾಗ ಅವರ ಕಡೆಯವರೇ ಈಗ ಬೇಡ, ತೆರಿಗೆ, ಇಲಾಖೆ ಅಂತ ಮುಖ್ಯ ಕೆಲಸ ಬೇರೆ ಇದೆ ಎಂದರು. ಅವರು ಬಿಡಲಿಲ್ಲ. ಪ್ರತಿನಿಧಿ ಸಭೆ 17 ತಿದ್ದುಪಡಿಗಳನ್ನು ಒಪ್ಪಿತು, ಸೆನೆಟ್ ಅವನ್ನು 12ಕ್ಕೆ ಇಳಿಸಿತು. 1791ರ ಡಿಸೆಂಬರ್ 15ರಂದು ವರ್ಜೀನಿಯಾ ಒಪ್ಪಿದಾಗ ಅವುಗಳಲ್ಲಿ ಹತ್ತು ಕಾನೂನಾದವು. ಅದೇ ಬಿಲ್ ಆಫ್ ರೈಟ್ಸ್.

ಜಾರ್ಜ್ ಈವ್‌ಗೆ ಬರೆದ ಪತ್ರದ ಪಟ್ಟಿಯನ್ನು ಆ ಹತ್ತರ ಪಕ್ಕ ಇಟ್ಟು ನೋಡಿದೆವು. ಮನಸ್ಸಾಕ್ಷಿ ಮತ್ತು ಪತ್ರಿಕೆ ಮೊದಲನೆಯದರಲ್ಲಿವೆ. ವಾರಂಟಿನ ಮಾತು ನಾಲ್ಕನೆಯದರಲ್ಲಿ. ಜ್ಯೂರಿ ಆರು ಮತ್ತು ಏಳರಲ್ಲಿ. ಪತ್ರದಲ್ಲಿ ಹೆಸರಿಸಿದ ಹಕ್ಕುಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ.